ಮನೆಯಿಂದ ಕಳಿಸಿದ ಮೇಲ್ ಯಾಕ ವಾಪಸ್ ಬರ್ತೈತಿ? ರಿವರ್ಸ್ ಡಿಎನ್‌ಎಸ್‌ನ ಲೆಕ್ಕ

ಇದು ಈ ವಾರದ ಸಂಚಿಕೆಯ ಬರಹ ರೂಪ. ಇಯರ್‌ಫೋನ್ ಮರೆತು ಬಂದವರು, ಬಸ್ಸಿನ ಗದ್ದಲದಾಗ ಕೂತವರು ಇಲ್ಲೇ ಓದಿಕೊಳ್ಳಬಹುದು. ಕೇಳಿದವರಿಗೂ ಇದು ಉಪಯೋಗಕ್ಕೆ ಬರುತ್ತದೆ, ಯಾಕಂದ್ರ ಐಪಿ ನಂಬರ್‌ಗಳನ್ನು ಬಾಯಲ್ಲಿ ಹೇಳಿದರೆ ಯಾರ ತಲೆಯಲ್ಲೂ ನಿಲ್ಲುವುದಿಲ್ಲ.

ಈ ಸಲದ ಪ್ರಶ್ನೆ ನಮ್ಮ ಹನುಮಸಾಗರದ ಕೇಳುಗರೊಬ್ಬರದು. ಇಳಕಲ್ ಸೀರೆ ಸಗಟಿನಲ್ಲಿ ತಗೊಂಡು ಸೊಲ್ಲಾಪುರ, ಪುಣೆ ಕಡೆಯ ಅಂಗಡಿಗಳಿಗೆ ಕಳಿಸುವ ಸಣ್ಣ ವ್ಯಾಪಾರ ಅವರದು. ಮನೆಗೆ ಫೈಬರ್ ಬಂದಮೇಲೆ ಹಳೆಯ ಡೆಸ್ಕ್‌ಟಾಪ್‌ಗೆ ಲಿನಕ್ಸ್ ಹಾಕಿ, ಸ್ವಂತ ಡೊಮೇನ್ ಕೊಂಡು, ಪೋಸ್ಟ್‌ಫಿಕ್ಸ್ ಕೂರಿಸಿ, ಬಿಲ್ಲು ಮತ್ತು ಕೊಟೇಶನ್‌ಗಳನ್ನು ಅದರಿಂದಲೇ ಕಳಿಸಲು ಶುರು ಮಾಡಿದರು. ಮೂರು ಥರ ಆಯ್ತು. ಜಿಮೇಲ್ ಇಟ್ಟುಕೊಂಡ ಅಂಗಡಿಗೆ ಕಳಿಸಿದ್ದು ಅದೇ ನಿಮಿಷ ವಾಪಸ್ ಬಂತು. ಇನ್ನೊಂದು ಅಂಗಡಿಯ ಸರ್ವರ್ ಐದು ದಿನ ಕಾಯಿಸಿ ಆಮೇಲೆ 'ಆಗಲಿಲ್ಲ' ಅಂದಿತು. ಮೂರನೆಯದು ಆರಾಮಾಗಿ ಹೋಯಿತು, ಆದರೆ ಸ್ಪ್ಯಾಮ್ ಪೆಟ್ಟಿಗೆಗೆ. ಹಬ್ಬದ ಮುಂದಿನ ಆರ್ಡರ್‌ಗೆ ಐದು ದಿನ ಅಂದ್ರ ಎಷ್ಟು ದೊಡ್ಡದು ಅಂತ ವ್ಯಾಪಾರ ಮಾಡುವವರ ಮನೆಯವರಿಗೆ ಹೇಳಬೇಕಾಗಿಲ್ಲ. ಅವರು ಕೇಳಿದ್ದು: 'ನನ್ನ ರಿವರ್ಸ್ ಡಿಎನ್‌ಎಸ್ ನನ್ನ ಡೊಮೇನ್‌ಗೆ ಮ್ಯಾಚ್ ಆಗ್ತಿಲ್ಲ. ಇದಕ್ಕ ಅದೇ ಕಾರಣ ಏನ್ರಿ?'

ಉತ್ತರ ಮೊದಲೇ ಹೇಳಿಬಿಡ್ತೀನಿ. ಹೌದು, ಕಾರಣ ಅದೇ ಇರಬಹುದು. ಆದರೆ 'ನನ್ನ ಡೊಮೇನ್‌ಗೆ ಮ್ಯಾಚ್ ಆಗ್ತಿಲ್ಲ' ಎನ್ನುವುದು ತೊಂದರೆ ಅಲ್ಲ. ತೊಂದರೆ ಬೇರೆ ಕಡೆ ಇದೆ, ಮತ್ತು ಅದನ್ನು ಸರಿಮಾಡುವ ಪೆನ್ನು ಅವರ ಕೈಯಲ್ಲಿಲ್ಲ.

ನಾನು ಬಿ.ಕಾಂ ಓದಿದವ. ನೆಟ್‌ವರ್ಕಿಂಗ್ ಕ್ಲಾಸಿಗೆ ಹೋದವನಲ್ಲ. ಹಂಗಾಗಿ ನನಗೆ ಇದು ಅರ್ಥವಾದದ್ದು ಬ್ಯಾಂಕ್ ರಿಕನ್ಸಿಲಿಯೇಷನ್ ಸ್ಟೇಟ್‌ಮೆಂಟ್‌ನಿಂದ. ಕಾಮರ್ಸ್ ಓದಿದವರಿಗೆ ನೆನಪಿರಬೇಕು: ಕ್ಯಾಶ್‌ಬುಕ್ ನಾವು ಬರೆಯುವುದು, ಪಾಸ್‌ಬುಕ್ ಬ್ಯಾಂಕಿನವರು ಬರೆಯುವುದು. ನಾವು 'ಬ್ಯಾಂಕಿಗೆ ಹತ್ತು ಸಾವಿರ ಕಟ್ಟಿದೆ' ಅಂತ ನಮ್ಮ ಪುಸ್ತಕದಲ್ಲಿ ಎಷ್ಟು ಚೆಂದ ಬರೆದರೂ, ಪಾಸ್‌ಬುಕ್ಕಿನಲ್ಲಿ ಆ ಎಂಟ್ರಿ ಇಲ್ಲದಿದ್ದರೆ ಆಡಿಟರ್ ಒಪ್ಪುವುದಿಲ್ಲ. ಎರಡೂ ಪುಸ್ತಕ ಒಂದೇ ಮಾತು ಹೇಳಬೇಕು.

ಡಿಎನ್‌ಎಸ್‌ನಲ್ಲೂ ಎರಡು ಪುಸ್ತಕ ಇವೆ. ಹೆಸರಿನಿಂದ ನಂಬರಿಗೆ ಹೋಗುವುದು ಫಾರ್ವರ್ಡ್. 'ಮೇಲ್.ಸೀರೆಅಂಗಡಿ.ಇನ್ ಅಂದರೆ 203.0.113.25' ಎಂದು ಬರೆಯುವುದು ಎ ರೆಕಾರ್ಡ್. (ಹೆಸರು, ನಂಬರ್ ಎರಡೂ ಉದಾಹರಣೆಗೆ, 203.0.113 ರಿಂದ ಶುರುವಾಗುವ ನಂಬರ್‌ಗಳನ್ನು ಇಂಥ ಪಾಠಗಳಿಗೆಂದೇ ಎತ್ತಿಟ್ಟಿದ್ದಾರೆ, ಅವು ಯಾರ ಮನೆಯವೂ ಅಲ್ಲ.) ಡೊಮೇನ್ ಕೊಂಡವರು ಯಾರೋ ಅವರೇ ಇದನ್ನು ಬರೆಯುತ್ತಾರೆ. ಐದು ನಿಮಿಷದ ಕೆಲಸ. ಇದು ಕ್ಯಾಶ್‌ಬುಕ್.

ನಂಬರಿನಿಂದ ಹೆಸರಿಗೆ ಹೋಗುವುದು ರಿವರ್ಸ್. '203.0.113.25 ಯಾರದು?' ಎಂದು ಕೇಳಿದರೆ ಉತ್ತರ ಕೊಡುವುದು ಪಿಟಿಆರ್ ರೆಕಾರ್ಡ್, ಅಂದರೆ ಪಾಯಿಂಟರ್. ಅದಕ್ಕಾಗಿ ನಂಬರನ್ನು ತಿರುಗಿಸಿ 25.113.0.203 ಮಾಡಿ, ಕೊನೆಗೆ 'ಇನ್-ಆಡರ್.ಅರ್ಪಾ' ಅಂತ ಬಾಲ ಅಂಟಿಸಿ ಹುಡುಕುತ್ತಾರೆ. ಯಾಕೆ ತಿರುಗಿಸಬೇಕು? ಡೊಮೇನ್ ಹೆಸರಿನಲ್ಲಿ ದೊಡ್ಡ ಊರು ಬಲಕ್ಕೆ, ಸಣ್ಣ ಮನೆ ಎಡಕ್ಕೆ. ಐಪಿಯಲ್ಲಿ ಉಲ್ಟಾ, ದೊಡ್ಡದು ಎಡಕ್ಕೆ. ಎರಡನ್ನೂ ಒಂದೇ ಗಿಡಕ್ಕೆ ಕಟ್ಟಬೇಕಾದರೆ ಒಂದನ್ನು ತಿರುವಬೇಕು, ಅಷ್ಟೇ.

ಈ ಪುಸ್ತಕ ಬರೆಯುವವರು ಡೊಮೇನ್ ಮಾಲೀಕರಲ್ಲ. ಐಪಿ ನಂಬರಿನ ಮಾಲೀಕರು. ಏಷ್ಯಾ-ಪೆಸಿಫಿಕ್ ಭಾಗಕ್ಕೆ ನಂಬರ್ ಹಂಚುವುದು ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿರುವ ಎಪಿನಿಕ್. ಭಾರತಕ್ಕೆ ನಿಕ್ಸಿ ಸಂಸ್ಥೆಯ ಕೆಳಗೆ ಐಆರ್‌ಐಎನ್‌ಎನ್ ಎಂಬ ರಾಷ್ಟ್ರೀಯ ನೋಂದಣಿ ಕಚೇರಿ ಇದೆ. ಇವರಿಂದ ಇಂಟರ್‌ನೆಟ್ ಕಂಪನಿಗಳು ಸಾವಿರಗಟ್ಟಲೆ ನಂಬರಿನ ಕಟ್ಟು ಪಡೆಯುತ್ತವೆ. ಆ ಕಟ್ಟಿನ ಜೊತೆಗೆ ರಿವರ್ಸ್ ಬರೆಯುವ ಹಕ್ಕೂ ಅವರಿಗೇ ಹೋಗುತ್ತದೆ. ನಮ್ಮ ಮನೆಗೆ ಬರುವುದು ಬಾಡಿಗೆಗೆ ಕೊಟ್ಟ ಒಂದು ನಂಬರ್ ಮಾತ್ರ. ಅದೂ ರೌಟರ್ ಆರಿಸಿ ಹಚ್ಚಿದರೆ ಬದಲಾಗಬಹುದು. ಹಂಗಾಗಿ ಪಾಸ್‌ಬುಕ್ಕಿನಲ್ಲಿ ನಾವು ಬರೆಯೋ ಹಂಗಿಲ್ಲ.

ಇನ್ನು ಮೇಲ್ ಹೋಗುವಾಗ ಏನಾಗುತ್ತದೆ ನೋಡ್ರಿ. ನಮ್ಮ ಸರ್ವರ್ ಜಿಮೇಲ್ ಸರ್ವರಿನ 25ನೇ ಪೋರ್ಟ್‌ನ ಬಾಗಿಲು ತಟ್ಟುತ್ತದೆ. ತಟ್ಟಿದ ಕ್ಷಣಕ್ಕೇ ಅವರಿಗೆ ನಮ್ಮ ಐಪಿ ಗೊತ್ತಾಗುತ್ತದೆ. ಇದನ್ನು ಸುಳ್ಳು ಹೇಳುವುದು ಸುಲಭವಲ್ಲ, ಯಾಕಂದ್ರ ಉತ್ತರ ವಾಪಸ್ ಬರಬೇಕಾದದ್ದೂ ಅದೇ ನಂಬರಿಗೆ. ಆಮೇಲೆ ನಮ್ಮ ಸರ್ವರ್ 'ಹೆಲೋ, ನಾನು ಮೇಲ್.ಸೀರೆಅಂಗಡಿ.ಇನ್' ಅಂತ ಹೆಸರು ಹೇಳುತ್ತದೆ. ಇಲ್ಲಿ ಏನು ಬೇಕಾದರೂ ಹೇಳಬಹುದು, ಬಾಯಿಮಾತು. ಅದಾದಮೇಲೆ ಯಾರಿಂದ, ಯಾರಿಗೆ, ಕೊನೆಗೆ ಪತ್ರ. ಪತ್ರ ಬಿಚ್ಚುವ ಮೊದಲೇ, ಬಾಗಿಲಲ್ಲಿ ನಿಂತಾಗಲೇ, ಆ ಕಡೆಯವರು ನಂಬರ್ ಹಿಡಿದು ರಿವರ್ಸ್ ನೋಡಿಬಿಟ್ಟಿರುತ್ತಾರೆ.

ಅವರು ನೋಡುವುದು ಎರಡು ಹೆಜ್ಜೆ. ನಂಬರಿಗೆ ಹೆಸರು ಇದೆಯಾ? ಆ ಹೆಸರನ್ನು ಮತ್ತೆ ಫಾರ್ವರ್ಡ್ ನೋಡಿದರೆ ಅದೇ ನಂಬರಿಗೆ ವಾಪಸ್ ಬರುತ್ತದಾ? ಹೋಗಿ ಬಂದರೆ ಸುತ್ತು ಪೂರ್ತಿ ಆಯಿತು. ಇದಕ್ಕೆ ಫಾರ್ವರ್ಡ್-ಕನ್‌ಫರ್ಮ್ಡ್ ರಿವರ್ಸ್ ಡಿಎನ್‌ಎಸ್ ಅಂತಾರೆ. ರಿಕನ್ಸಿಲಿಯೇಷನ್ ಅಂದ್ರ ಇದೇ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು, ಯಾಕಂದ್ರ ಬಹಳ ಜನ ಇಲ್ಲೇ ದಾರಿ ತಪ್ಪುತ್ತಾರೆ. ಪಿಟಿಆರ್‌ನಲ್ಲಿ ಬರುವ ಹೆಸರು ನಿಮ್ಮ ಮೇಲ್ ವಿಳಾಸದ ಡೊಮೇನ್ ಆಗಿರಬೇಕಿಲ್ಲ. ಒಂದು ಹೋಸ್ಟಿಂಗ್ ಕಂಪನಿಯ ಒಂದೇ ಸರ್ವರಿನಲ್ಲಿ ನೂರಾರು ಅಂಗಡಿಗಳ ಡೊಮೇನ್ ಇರುತ್ತವೆ, ಐಪಿ ಒಂದೇ, ಪಿಟಿಆರ್ ಹೆಸರೂ ಒಂದೇ. ಆ ನೂರೂ ಡೊಮೇನಿನ ಮೇಲ್ ತಲುಪುತ್ತವೆ. 'ಈ ಡೊಮೇನ್ ಪರವಾಗಿ ಕಳಿಸಲು ಈ ಸರ್ವರಿಗೆ ಅಧಿಕಾರ ಇದೆಯಾ?' ಎಂದು ಕೇಳುವುದು ಎಸ್‌ಪಿಎಫ್ ಮತ್ತು ಡಿಕೆಐಎಂ ಕೆಲಸ. ಪಿಟಿಆರ್ ಕೇಳುವುದು ಬೇರೆ: 'ಈ ಯಂತ್ರ ತಾನು ಯಾರು ಅಂತ ಹೇಳಿಕೊಳ್ಳುತ್ತದಾ, ನಂಬರಿನ ಮಾಲೀಕರು ಅದಕ್ಕೆ ಸಾಕ್ಷಿ ಹೇಳ್ತಾರಾ?'

ನಮ್ಮ ಸೀರೆ ವ್ಯಾಪಾರಿಗೆ ಆದದ್ದೇನು? ಅವರ ನಂಬರಿಗೆ ಪಿಟಿಆರ್ ಇತ್ತು. ನಂಬರಿನ ಅಂಕಿಗಳನ್ನೇ ಅಡ್ಡಗೆರೆ ಹಾಕಿ ಜೋಡಿಸಿ, ಪಕ್ಕಕ್ಕೆ 'ಡೈನಾಮಿಕ್' ಅಂತ ಸೇರಿಸಿ, ಕೊನೆಗೆ ಸರ್ವಿಸ್ ಕೊಡುವವರ ಡೊಮೇನ್. ಯಂತ್ರ ಬರೆದ ಹೆಸರು. ಸರ್ವಿಸ್‌ನವರ ಹೆಸರು ಇಲ್ಲಿ ಬೇಡ, ಇಂಥದ್ದು ಬಹಳ ಕಡೆ ಇದೆ. ಆ ಹೆಸರನ್ನು ಫಾರ್ವರ್ಡ್ ಹುಡುಕಿದರೆ ಖಾಲಿ. ಉತ್ತರವೇ ಇಲ್ಲ. ಪಾಸ್‌ಬುಕ್ಕಿನಲ್ಲಿ ಒಂದು ಎಂಟ್ರಿ ಬಿದ್ದಿದೆ, ಅದಕ್ಕೆ ಎದುರು ಎಂಟ್ರಿ ಯಾವ ಪುಸ್ತಕದಲ್ಲೂ ಇಲ್ಲ. ನಿಜವಾದ ಹೊಂದಾಣಿಕೆಯ ದೋಷ ಇದು. ಹೆಸರು 'ಸೀರೆಅಂಗಡಿ' ಅಲ್ಲ ಎನ್ನುವುದಲ್ಲ, ಹೋದ ಹೆಸರು ವಾಪಸ್ ಬರಲಿಲ್ಲ ಎನ್ನುವುದು.

ಈಗ ಮೂರು ಅಂಗಡಿಯ ಮೂರು ಉತ್ತರ ಅರ್ಥವಾಗುತ್ತವೆ.

ಜಿಮೇಲ್ ಕೊಟ್ಟ ಸಂಕೇತ 550 5.7.25. ಸಂದೇಶದ ಅರ್ಥ: ಕಳಿಸಿದ ಐಪಿಗೆ ಪಿಟಿಆರ್ ಇಲ್ಲ, ಅಥವಾ ಇದ್ದರೂ ಅದರ ಫಾರ್ವರ್ಡ್ ಈ ಐಪಿಗೆ ಬರುವುದಿಲ್ಲ. 550 ಎಂದರೆ ಖಾಯಂ ನಿರಾಕರಣೆ, ಮತ್ತೆ ಪ್ರಯತ್ನಿಸಬೇಡ ಅಂತ. 2024ರ ಫೆಬ್ರವರಿಯಿಂದ ಗೂಗಲ್ ತನ್ನ ನಿಯಮಗಳನ್ನು ಬಿಗಿ ಮಾಡಿತು. ದಿನಕ್ಕೆ 5000ಕ್ಕಿಂತ ಹೆಚ್ಚು ಮೇಲ್ ಕಳಿಸುವವರಿಗೆ ಒಂದು ದೊಡ್ಡ ಪಟ್ಟಿ, ಉಳಿದವರಿಗೆ ಸಣ್ಣ ಪಟ್ಟಿ. ಬಹಳ ಜನ '5000 ಅಂದ್ರ ದೊಡ್ಡ ಕಂಪನಿಗಳಿಗೆ, ನಮಗಲ್ಲ' ಎಂದು ಬಿಟ್ಟುಬಿಟ್ಟರು. ಆದರೆ ಫಾರ್ವರ್ಡ್ ಮತ್ತು ರಿವರ್ಸ್ ಸರಿಯಿರಬೇಕು ಎನ್ನುವುದು ಸಣ್ಣ ಪಟ್ಟಿಯಲ್ಲೇ ಇದೆ. ದಿನಕ್ಕೆ ನಾಲ್ಕು ಬಿಲ್ಲು ಕಳಿಸುವವರಿಗೂ ಅದು ಅನ್ವಯ.

ಎರಡನೆಯ ಅಂಗಡಿಯ ಸರ್ವರೂ ಪೋಸ್ಟ್‌ಫಿಕ್ಸ್. ಪೋಸ್ಟ್‌ಫಿಕ್ಸ್‌ನಲ್ಲಿ ಈ ವಿಷಯಕ್ಕೆ ಎರಡು ಕಟ್ಟುಪಾಡು ಇವೆ, ಹಾಕಿಕೊಳ್ಳುವುದು ಬಿಡುವುದು ಸರ್ವರ್ ನಡೆಸುವವರಿಗೆ ಬಿಟ್ಟದ್ದು. ಸಡಿಲವಾದದ್ದು ನಂಬರಿಗೆ ಹೆಸರೇ ಇಲ್ಲದಿದ್ದರೆ ಮಾತ್ರ ತಡೆಯುತ್ತದೆ. ಬಿಗಿಯಾದದ್ದು ಸುತ್ತು ಪೂರ್ತಿಯಾಗದಿದ್ದರೂ ತಡೆಯುತ್ತದೆ. ಆದರೆ ತಡೆಯುವಾಗ ಅದು ಮಾಮೂಲಾಗಿ ಕೊಡುವ ಸಂಕೇತ 450, ಅಂದರೆ 'ಈಗ ಬೇಡ, ಆಮೇಲೆ ಬಾ'. ಡಿಎನ್‌ಎಸ್ ಒಂದು ಗಳಿಗೆ ಕೈಕೊಟ್ಟಿರಬಹುದು ಎಂಬ ಸೌಜನ್ಯ ಅದು. ನಮ್ಮ ಸರ್ವರ್ ಪಾಪ, ಮತ್ತೆ ಮತ್ತೆ ಹೋಗಿ ಬಾಗಿಲು ತಟ್ಟುತ್ತದೆ. ಪೋಸ್ಟ್‌ಫಿಕ್ಸ್ ಒಂದು ಪತ್ರವನ್ನು ಸರದಿಯಲ್ಲಿ ಇಟ್ಟುಕೊಳ್ಳುವುದು ಐದು ದಿನ. ಆ ಐದು ದಿನದ ಲೆಕ್ಕ ಇಲ್ಲಿಂದ ಬಂದದ್ದು. ನನ್ನ ಅಭಿಪ್ರಾಯದಲ್ಲಿ ಮೂರರಲ್ಲಿ ಇದೇ ಕೆಟ್ಟದ್ದು. ಮುಖಕ್ಕೆ ಹೊಡೆದಂತೆ ಇಲ್ಲ ಅಂದರೆ ಫೋನ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಬಿಲ್ ಕಳಿಸಬಹುದು. ಬಾಯಿ ಮುಚ್ಚಿಕೊಂಡು ಐದು ದಿನ ಕಾಯಿಸಿದರೆ ಏನು ಮಾಡ್ತೀರಿ?

ಮೂರನೆಯದು ಅಂಕ ಹಾಕುವ ಪದ್ಧತಿ. ಸ್ಪ್ಯಾಮ್‌ಅಸಾಸಿನ್ ಎಂಬ ಹಳೆಯ ಸೋಸುಯಂತ್ರದಲ್ಲಿ ಪಿಟಿಆರ್ ಇಲ್ಲದ್ದಕ್ಕೆ ಒಂದು ನಿಯಮ, ಪಿಟಿಆರ್ ಹೆಸರು ಬಾಡಿಗೆ ನಂಬರಿನಂತೆ ಕಂಡರೆ ಇನ್ನೊಂದು ನಿಯಮ ಇದೆ. ಒಟ್ಟು ಐದು ಅಂಕ ದಾಟಿದರೆ ಮಾಮೂಲಾಗಿ ಸ್ಪ್ಯಾಮ್. ರಿವರ್ಸ್ ಒಂದರಿಂದಲೇ ಐದು ಆಗುವುದಿಲ್ಲ. ಆದರೆ ಹೊಸ ಡೊಮೇನ್, ಅಟ್ಯಾಚ್‌ಮೆಂಟ್, ದೊಡ್ಡಕ್ಷರದ ಸಬ್ಜೆಕ್ಟ್ ಎಲ್ಲ ಸೇರಿದರೆ ತಕ್ಕಡಿ ವಾಲುತ್ತದೆ.

ನಿಯಮ ಪುಸ್ತಕ ಏನು ಹೇಳುತ್ತದೆ? ಇದು ನನಗೆ ಬಹಳ ಮಜಾ ಅನ್ನಿಸಿದ ಭಾಗ. ಮೇಲ್ ಸಾಗಾಟದ ನಿಯಮ ಇರುವುದು 2008ರ ಆರ್‌ಎಫ್‌ಸಿ 5321ರಲ್ಲಿ. ಹೆಲೋದಲ್ಲಿ ಹೇಳಿದ ಹೆಸರು ಐಪಿಗೆ ಹೊಂದುತ್ತದೋ ಇಲ್ಲವೋ ಪರೀಕ್ಷಿಸಬಹುದು, ಆದರೆ ಹೊಂದಲಿಲ್ಲ ಎಂಬ ಒಂದೇ ಕಾರಣಕ್ಕೆ ಪತ್ರ ನಿರಾಕರಿಸಬಾರದು ಅಂತ ಅಲ್ಲಿ ಸ್ಪಷ್ಟವಾಗಿದೆ. ಇದನ್ನು ಹಿಡಿದು 'ನಿಯಮ ನಮ್ಮ ಕಡೆ ಐತಿ' ಅಂತ ವಾದ ಮಾಡುವವರಿದ್ದಾರೆ. ಆದರೆ ಅದು ಹೆಲೋ ಹೆಸರಿನ ಬಗ್ಗೆ. ಪಿಟಿಆರ್ ಇಲ್ಲದ ನಂಬರನ್ನು ಬಾಗಿಲಲ್ಲೇ ನಿಲ್ಲಿಸುವುದು ಸ್ವೀಕರಿಸುವವರ ಸ್ವಂತ ನೀತಿ. ಅವರ ಮನೆ, ಅವರ ಬಾಗಿಲು. ಆರ್‌ಎಫ್‌ಸಿ ಪ್ರಿಂಟ್ ಹಾಕಿಕೊಂಡು ಹೋಗಿ ಗೂಗಲ್‌ಗೆ ತೋರಿಸಿದರೆ ಇನ್‌ಬಾಕ್ಸ್ ತೆರೆಯುವುದಿಲ್ಲ.

ಡಿಎನ್‌ಎಸ್ ಅನ್ನು ಪಾಲ್ ಮೊಕಾಪೆಟ್ರಿಸ್ 1983ರಲ್ಲಿ ರೂಪಿಸಿದಾಗ ರಿವರ್ಸ್ ಇದ್ದದ್ದು ಅನುಕೂಲಕ್ಕೆ. ಲಾಗ್ ಓದುವಾಗ ನಂಬರಿನ ಬದಲು ಹೆಸರು ಕಂಡರೆ ಒಳ್ಳೆಯದಲ್ವಾ, ಅಂಥದ್ದಕ್ಕೆ. ಕಾವಲುಗಾರನ ಕೆಲಸ ಅದರ ಹೆಗಲಿಗೆ ಬಿದ್ದದ್ದು ಆಮೇಲೆ. 2000ದ ದಶಕದಲ್ಲಿ ವೈರಸ್ ಹತ್ತಿದ ಮನೆ ಕಂಪ್ಯೂಟರ್‌ಗಳು ಮಾಲೀಕರಿಗೆ ಗೊತ್ತಿಲ್ಲದೇ ಸ್ಪ್ಯಾಮ್ ಉಗುಳುತ್ತಿದ್ದವು. ಆ ಸೈನ್ಯಗಳಿಗೆ ಬಾಟ್‌ನೆಟ್ ಅಂತ ಹೆಸರು. 2012ರ ಮೊದಲ ತಿಂಗಳುಗಳಲ್ಲಿ ಸೋಫೋಸ್ ಎಂಬ ಭದ್ರತಾ ಕಂಪನಿಯ ಪಟ್ಟಿಯಲ್ಲಿ ಸ್ಪ್ಯಾಮ್ ಹೊರಡುವ ದೇಶಗಳ ಪೈಕಿ ಭಾರತವೇ ಮೊದಲು ಬಂದಿತ್ತು. ನಾವೇನೂ ಕಳಿಸಿರಲಿಲ್ಲ, ಸೈಬರ್ ಕೆಫೆಯ ಮತ್ತು ಮನೆಯ ಕ್ರ್ಯಾಕ್ ಮಾಡಿದ ವಿಂಡೋಸ್‌ಗಳು ಕಳಿಸಿರಬೇಕು. ಮನೆ ಸಂಪರ್ಕದಿಂದ ನೇರವಾಗಿ ಬರುವ ಮೇಲ್ ಎಂದರೆ ಹೆಚ್ಚುಕಡಿಮೆ ಕಸ ಎಂದು ದೊಡ್ಡ ಮೇಲ್ ಕಂಪನಿಗಳು ಲೆಕ್ಕ ಹಾಕಿದವು. ಆ ಲೆಕ್ಕ ಆಗ ತಪ್ಪಿರಲಿಲ್ಲ. ಅದರ ಬಿಸಿ ಈಗ ಹನುಮಸಾಗರದ ಒಬ್ಬ ಪ್ರಾಮಾಣಿಕ ವ್ಯಾಪಾರಿಗೆ ತಟ್ಟುತ್ತಿದೆ.

ಇಲ್ಲಿಗೆ 'ಸರಿ, ಪಿಟಿಆರ್ ಸರಿಮಾಡಿಸಿದರೆ ಮುಗೀತಲ್ಲ' ಅನ್ನಬಹುದು. ಮುಗಿಯೋದಿಲ್ಲ. ಮನೆ ಸರ್ವರಿಗೆ ರಿವರ್ಸ್‌ಗಿಂತ ಮುಂಚೆಯೇ ಮೂರು ಗೋಡೆ ಇವೆ.

ಮೊದಲನೆಯದು ಸಿಜಿನ್ಯಾಟ್. ಐಪಿವಿ4 ನಂಬರ್‌ಗಳು ಸಾಲದೇ ಹೋದದ್ದರಿಂದ ಕಂಪನಿಗಳು ಒಂದು ಸಾರ್ವಜನಿಕ ನಂಬರನ್ನು ಹಲವು ಮನೆಗಳಿಗೆ ಹಂಚುತ್ತವೆ. ನಿಮಗೂ ಹಂಗೇ ಮಾಡಿದ್ದಾರಾ ಅಂತ ಫೋನಿನಲ್ಲೇ ನೋಡಬಹುದು. ವೈಫೈಗೆ ಸೇರಿ ರೌಟರಿನ ಪುಟ ತೆರೆದು ವ್ಯಾನ್ ಐಪಿ ನೋಡ್ರಿ. ಅದು 100.64 ರಿಂದ 100.127ರ ಒಳಗೆ ಶುರುವಾದರೆ ನೀವು ಸಿಜಿನ್ಯಾಟ್ ಹಿಂದೆ ಇದ್ದೀರಿ. ಬೇರೆ ನಂಬರ್ ಇದ್ದರೂ, 'ನನ್ನ ಐಪಿ ಏನು' ಎಂದು ಗೂಗಲ್ ಮಾಡಿದಾಗ ಬರುವ ಐಪಿವಿ4 ನಂಬರ್‌ಗೂ ಇದಕ್ಕೂ ತಾಳೆಯಾಗದಿದ್ದರೆ ಅದೇ ಕಥೆ. ಹತ್ತಾರು ಮನೆಗೆ ಒಂದೇ ನಂಬರ್ ಇದ್ದಮೇಲೆ ಅದಕ್ಕೆ ನಿಮ್ಮ ಹೆಸರು ಯಾರು ಬರೀತಾರೆ?

ಎರಡನೆಯದು 25ನೇ ಪೋರ್ಟ್. ಸ್ಪ್ಯಾಮ್ ತಡೆಯಲು ಎಷ್ಟೋ ಕಡೆ ಮನೆ ಸಂಪರ್ಕದಿಂದ ಹೊರಗೆ ಹೋಗುವ 25ನೇ ಪೋರ್ಟನ್ನೇ ಮುಚ್ಚಿರುತ್ತಾರೆ. ಆಗ ನಿಮ್ಮ ಮೇಲ್ ನಿರಾಕರಣೆ ಆಗುವ ಮಟ್ಟಕ್ಕೂ ಹೋಗುವುದಿಲ್ಲ, ಲಾಗ್‌ನಲ್ಲಿ 'ಕನೆಕ್ಷನ್ ಟೈಮ್ಡ್ ಔಟ್' ಅಂತ ಮಾತ್ರ ಬರುತ್ತಿರುತ್ತದೆ. ಇದು ಬಂದರೆ ರಿವರ್ಸ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ನೀವು ಇನ್ನೂ ಅಂಗಳ ದಾಟಿಲ್ಲ.

ಮೂರನೆಯದು ಸ್ಪ್ಯಾಮ್‌ಹೌಸ್ ಸಂಸ್ಥೆಯ ಪಿಬಿಎಲ್, ಅಂದರೆ ಪಾಲಿಸಿ ಬ್ಲಾಕ್ ಲಿಸ್ಟ್. ಹೆಸರು ಕೇಳಿ ಹೆದರಬೇಡಿ, ಅದರಲ್ಲಿದ್ದರೆ ನೀವು ಸ್ಪ್ಯಾಮ್ ಕಳಿಸಿದ್ದೀರಿ ಅಂತಲ್ಲ. 'ಈ ನಂಬರ್‌ಗಳು ಮನೆ ಬಳಕೆಯವು, ಇಲ್ಲಿಂದ ನೇರವಾಗಿ ಮೇಲ್ ಬರಬಾರದು' ಎಂಬ ಪಟ್ಟಿ ಅದು. ಎಷ್ಟೋ ಸಲ ಇಂಟರ್‌ನೆಟ್ ಕಂಪನಿಗಳೇ ತಮ್ಮ ನಂಬರ್‌ಗಳನ್ನು ಅದರಲ್ಲಿ ಹಾಕಿಸುತ್ತವೆ. ಪಿಟಿಆರ್ ಎಷ್ಟೇ ಸರಿಯಿದ್ದರೂ ಈ ಪಟ್ಟಿ ನೋಡುವ ಸರ್ವರ್‌ಗಳು ನಿಮ್ಮನ್ನು ಒಳಗೆ ಬಿಡುವುದಿಲ್ಲ.

ಇನ್ನೊಂದು ಉಪದ್ರವ ಈಗೀಗ ಜಾಸ್ತಿ. ಭಾರತದಲ್ಲಿ ಐಪಿವಿ6 ಬಹಳ ಹರಡಿದೆ, ಮನೆಯ ಫೈಬರಿಗೂ ಬಂದಿದೆ. ನೀವು ಐಪಿವಿ4ಗೆ ಹೋರಾಡಿ ಪಿಟಿಆರ್ ಹಾಕಿಸಿದ್ದೀರಿ ಅಂದ್ಕೊಳ್ಳಿ. ನಿಮ್ಮ ಸರ್ವರ್ ಮಾತ್ರ ಸದ್ದಿಲ್ಲದೇ ಐಪಿವಿ6 ದಾರಿಯಲ್ಲಿ ಜಿಮೇಲ್‌ಗೆ ಹೋಗುತ್ತದೆ. ಆ ಉದ್ದ ನಂಬರಿಗೆ ಪಿಟಿಆರ್ ಇರುವುದಿಲ್ಲ, ಮೇಲ್ ವಾಪಸ್. 'ಎಲ್ಲ ಸರಿ ಐತಿ, ಆದರೂ ಬರ್ತೈತಿ' ಅನ್ನುವವರು ಮೊದಲು ಇದನ್ನು ನೋಡಬೇಕು. ವಾಪಸ್ ಬಂದ ಸಂದೇಶದಲ್ಲಿ ಐಪಿ ನಂಬರ್ ಬರೆದಿರುತ್ತದೆ. ಅದರಲ್ಲಿ ಚುಕ್ಕೆ ಬದಲು ಎರಡು ಚುಕ್ಕೆಯ ಕೋಲನ್ ಕಂಡರೆ ಕಳ್ಳ ಸಿಕ್ಕ. ಪೋಸ್ಟ್‌ಫಿಕ್ಸ್ ಸೆಟ್ಟಿಂಗ್‌ನಲ್ಲಿ ಐಪಿವಿ4 ಮಾತ್ರ ಬಳಸು ಅಂತ ಒಂದು ಸಾಲು ಹಾಕಿದರೆ ಆಯಿತು.

ಪರೀಕ್ಷೆ ಹೇಗೆ ಮಾಡುವುದು? ಫೋನ್ ಸಾಕು. ಆ್ಯಂಡ್ರಾಯ್ಡ್‌ನಲ್ಲಿ ಟರ್ಮಕ್ಸ್ ಇದ್ದರೆ ಡಿಎನ್‌ಎಸ್ ಯುಟಿಲ್ಸ್ ಪ್ಯಾಕೇಜ್ ಹಾಕಿಕೊಂಡು 'ಡಿಗ್', ಜಾಗ ಬಿಟ್ಟು ಅಡ್ಡಗೆರೆ ಎಕ್ಸ್, ಆಮೇಲೆ ನಿಮ್ಮ ನಂಬರ್ ಕೊಡಿ. ಬಂದ ಹೆಸರಿಗೆ ಮತ್ತೆ ಬರೀ 'ಡಿಗ್' ಮಾಡಿ. ಹೊರಟ ನಂಬರಿಗೇ ಬಂದು ನಿಂತರೆ ಸರಿ. ಟೈಪ್ ಮಾಡುವುದು ಬೇಜಾರು ಅನ್ನುವವರಿಗೆ ನನಗೆ ಹೆಚ್ಚು ಇಷ್ಟವಾದ ದಾರಿ ಇನ್ನೊಂದಿದೆ: ಯಾವುದಾದರೂ ಒಂದು ಮೇಲ್ ಜಿಮೇಲ್‌ಗೆ ತಲುಪಿದ್ದರೆ, ಸ್ಪ್ಯಾಮ್‌ನಲ್ಲಿದ್ದರೂ ನಡೀತೈತಿ, ಅದರ ಮೂಲ ತೆರೆಯಿರಿ. ಫೋನ್ ಆ್ಯಪ್‌ನಲ್ಲಿ ಈ ಸೌಲಭ್ಯ ಸಿಗುವುದಿಲ್ಲ. ಬ್ರೌಸರ್‌ನಲ್ಲಿ ಡೆಸ್ಕ್‌ಟಾಪ್ ಮೋಡ್ ಹಾಕಿ, ಮೂರು ಚುಕ್ಕೆ ಒತ್ತಿ, 'ಶೋ ಒರಿಜಿನಲ್' ಆರಿಸಬೇಕು. ಅಲ್ಲಿ 'ರಿಸೀವ್ಡ್: ಫ್ರಮ್' ಅಂತ ಶುರುವಾಗುವ ಸಾಲುಗಳಿರುತ್ತವೆ. ಗೂಗಲ್ ಹೊರಗಿನ ಸರ್ವರಿನಿಂದ ಸ್ವೀಕರಿಸಿದ ಸಾಲಿನಲ್ಲಿ ಮೊದಲು ಇರುವುದು ನಿಮ್ಮ ಸರ್ವರ್ ಬಾಯಲ್ಲಿ ಹೇಳಿದ ಹೆಲೋ ಹೆಸರು. ಕಂಸದ ಒಳಗೆ ಇರುವುದು ಗೂಗಲ್ ತಾನೇ ಹುಡುಕಿಕೊಂಡ ರಿವರ್ಸ್ ಹೆಸರು, ಅದರ ಪಕ್ಕ ಚೌಕ ಕಂಸದಲ್ಲಿ ಐಪಿ. ಕಂಸದಲ್ಲಿ ಬರೀ ನಂಬರ್ ಇದ್ದು ಹೆಸರಿಲ್ಲದಿದ್ದರೆ ನಿಮ್ಮ ಬಗ್ಗೆ ಸಾಕ್ಷಿ ಹೇಳುವವರು ಯಾರೂ ಇರಲಿಲ್ಲ ಅಂತ. ನೀವು ಹೇಳಿದ್ದು ಮತ್ತು ಬೇರೆಯವರು ನಿಮ್ಮ ಬಗ್ಗೆ ಹೇಳಿದ್ದು, ಎರಡೂ ಒಂದೇ ಸಾಲಿನಲ್ಲಿ ಅಕ್ಕಪಕ್ಕ. ನಾನು ಇದನ್ನು ಮೊದಲ ಸಲ ನೋಡಿದಾಗ ಲೆಡ್ಜರ್‌ನ ಎರಡು ಕಾಲಂ ನೋಡಿದಂಗ ಆಗಿತ್ತು.

ಹಾಗಾದರೆ ನಮ್ಮ ವ್ಯಾಪಾರಿ ಏನು ಮಾಡಬೇಕು? ಎರಡು ದಾರಿ.

ಒಂದು, ಸರ್ವಿಸ್ ಕೊಡುವವರಿಂದ ಸ್ಟ್ಯಾಟಿಕ್ ಐಪಿ ತಗೊಂಡು, ಪಿಟಿಆರ್ ಬರೆಸುವುದು. ಸ್ಟ್ಯಾಟಿಕ್ ಐಪಿಗೆ ದುಡ್ಡು ಕಟ್ಟುವ ಮೊದಲೇ 'ಪಿಟಿಆರ್ ಹಾಕಿಕೊಡ್ತೀರಾ, 25ನೇ ಪೋರ್ಟ್ ತೆಗೀತೀರಾ' ಎಂದು ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತಗೊಳ್ಳಿ. ಕಸ್ಟಮರ್ ಕೇರ್‌ನ ಮೊದಲ ಹಂತದಲ್ಲಿ ಈ ಪದ ಗೊತ್ತಿರುವವರು ಸಿಗುವುದು ಕಷ್ಟ. ನಾನು ಕೇಳಿದ ಕಡೆ ಒಬ್ಬರು 'ರೌಟರ್ ರೀಸ್ಟಾರ್ಟ್ ಮಾಡ್ರಿ' ಅಂದರು. ಅವರದೇನೂ ತಪ್ಪಿಲ್ಲ, ಅವರ ಮುಂದಿನ ಹಾಳೆಯಲ್ಲಿ ಅದೇ ಇರುತ್ತದೆ. ಅದಕ್ಕೇ ಪತ್ರದಲ್ಲಿ ಮೂರೇ ವಿಷಯ ಬರೆಯಿರಿ: ನಮ್ಮ ಐಪಿ ಇದು, ಇದರ ಪಿಟಿಆರ್ ಈ ಹೆಸರಿಗೆ ಇರಲಿ, ಈ ಹೆಸರಿನ ಎ ರೆಕಾರ್ಡ್ ಈಗಾಗಲೇ ಇದೇ ಐಪಿಗೆ ಇದೆ. 'ನೆಟ್‌ವರ್ಕ್ ಅಥವಾ ಡಿಎನ್‌ಎಸ್ ತಂಡಕ್ಕೆ ಕಳಿಸಿ' ಅಂತ ಮೇಲೆ ಬರೆಯಿರಿ. ಎ ರೆಕಾರ್ಡ್ ಮೊದಲು ಹಾಕಿರಬೇಕು, ಆಗ ಅವರು ಬರೆದ ದಿನವೇ ಸುತ್ತು ಪೂರ್ತಿಯಾಗುತ್ತದೆ. ಪೋಸ್ಟ್‌ಫಿಕ್ಸ್‌ನ ಹೆಲೋ ಹೆಸರೂ ಅದೇ ಇರಲಿ. ನಿಯಮದಲ್ಲಿ ಕಡ್ಡಾಯ ಇಲ್ಲದಿದ್ದರೂ ಮೂರೂ ಕಡೆ ಒಂದೇ ಹೆಸರು ಇದ್ದರೆ ಅಂಕ ಹಾಕುವವರಿಗೆ ಕೆಲಸ ಇರುವುದಿಲ್ಲ. ಕೊನೆಗೆ ಪಿಬಿಎಲ್‌ನಲ್ಲಿ ಆ ನಂಬರ್ ಇದೆಯಾ ಅಂತ ಸ್ಪ್ಯಾಮ್‌ಹೌಸ್ ತಾಣದಲ್ಲಿ ನೋಡಿ.

ಇನ್ನೊಂದು, ಹೊರಗೆ ಹೋಗುವ ಮೇಲ್ ಅನ್ನು ಬೇರೊಬ್ಬರ ಕೈಗೆ ಕೊಡುವುದು. ಇದಕ್ಕೆ ರಿಲೇ ಅಥವಾ ಸ್ಮಾರ್ಟ್‌ಹೋಸ್ಟ್ ಅಂತಾರೆ. ಮನೆಯ ಸರ್ವರ್ 587ನೇ ಪೋರ್ಟ್‌ನಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ರಿಲೇಗೆ ಪತ್ರ ಒಪ್ಪಿಸುತ್ತದೆ, ರಿಲೇ ಅದನ್ನು ಜಿಮೇಲ್‌ಗೆ ಒಯ್ಯುತ್ತದೆ. ಆಗ ಜಿಮೇಲ್ ಬಾಗಿಲಲ್ಲಿ ನಿಲ್ಲುವುದು ರಿಲೇಯ ಐಪಿ, ನೋಡುವುದು ರಿಲೇಯ ಪಿಟಿಆರ್. ನಿಮ್ಮ ಮನೆಯ ರಿವರ್ಸ್ ಹೆಂಗಿದ್ದರೂ ಲೆಕ್ಕಕ್ಕಿಲ್ಲ. ರಿಲೇ ಸೇವೆ ಕೊಳ್ಳಬಹುದು, ಇಲ್ಲವೇ ಸಣ್ಣ ಕ್ಲೌಡ್ ಸರ್ವರ್ ಬಾಡಿಗೆಗೆ ತಗೊಂಡು ಅದನ್ನೇ ರಿಲೇ ಮಾಡಿಕೊಳ್ಳಬಹುದು. ಕ್ಲೌಡ್‌ನಲ್ಲೂ ಕಣ್ಣು ತೆರೆದಿರಲಿ: ಗೂಗಲ್ ಕ್ಲೌಡ್ ಹೊರಹೋಗುವ 25ನೇ ಪೋರ್ಟನ್ನು ಮುಚ್ಚುತ್ತದೆ, ಅಮೆಜಾನ್‌ನಲ್ಲಿ ಅರ್ಜಿ ಹಾಕಿ ತೆಗೆಸಬೇಕು. ಪಿಟಿಆರ್ ಅನ್ನು ಕಂಟ್ರೋಲ್ ಪ್ಯಾನೆಲ್‌ನಲ್ಲೇ ಬರೆಯಲು ಬಿಡುವ ಕಂಪನಿಗಳಿವೆ, ಅಂಥದ್ದನ್ನು ಹುಡುಕಿ. ರಿಲೇ ಬಳಸಿದಮೇಲೆ ಎಸ್‌ಪಿಎಫ್‌ನಲ್ಲಿ ರಿಲೇಯ ಹೆಸರು ಸೇರಿಸುವುದು ಮರೀಬೇಡಿ. ಡಿಕೆಐಎಂ ಸಹಿ ಡೊಮೇನ್‌ಗೆ ಅಂಟಿಕೊಂಡದ್ದು, ಐಪಿಗೆ ಅಲ್ಲ. ಅದನ್ನು ಮನೆಯಲ್ಲೇ ಹಾಕಿ ಕಳಿಸಬಹುದು.

ನಾನಾದರೆ ಎರಡನೆಯದನ್ನೇ ಹೇಳೋದು. ಕೊಟೇಶನ್ ಹೋಗದಿದ್ದರೆ ಹೊಟ್ಟೆಗೆ ಹೊಡೆತ ಬೀಳುವವರು ಹೊರಹೋಗುವ ದಾರಿಯಲ್ಲಿ ಪ್ರಯೋಗ ಮಾಡಬಾರದು. ಆದರೆ ಮನೆಯ ಸರ್ವರನ್ನು ಮೂಲೆಗೆ ಹಾಕಬೇಕಿಲ್ಲ. ಒಳಬರುವ ಮೇಲ್‌ಗೆ ರಿವರ್ಸ್ ಡಿಎನ್‌ಎಸ್ ಬೇಕಾಗುವುದೇ ಇಲ್ಲ. ಬೇರೆಯವರು ನಮ್ಮ ಬಾಗಿಲಿಗೆ ಬಂದಾಗ ನೋಡುವುದು ಎಂಎಕ್ಸ್ ರೆಕಾರ್ಡ್ ಮತ್ತು ಅದು ತೋರಿಸುವ ನಂಬರ್, ಎರಡೂ ನಮ್ಮ ಕ್ಯಾಶ್‌ಬುಕ್ಕಿನವು. ಸಿಜಿನ್ಯಾಟ್ ಇಲ್ಲದೇ, ಒಳಬರುವ 25ನೇ ಪೋರ್ಟ್ ತೆರೆದಿದ್ದರೆ ಸಾಕು. ಕರೆಂಟ್ ಹೋದರೆ ಏನು ಮಾಡೋದು ಅಂತ ಅವರು ಕೇಳಿದ್ದರು. ಬೇಸಿಗೆಯ ನಮ್ಮ ಕಡೆಯ ಕರೆಂಟ್ ಗೊತ್ತಲ್ಲ. ಆದರೆ ಮೇಲ್ ಪದ್ಧತಿ ಇದಕ್ಕೆ ಮೊದಲೇ ತಯಾರಾಗಿದೆ: ನಮ್ಮ ಸರ್ವರ್ ಉತ್ತರ ಕೊಡದಿದ್ದರೆ ಕಳಿಸುವವರ ಸರ್ವರ್ ಪತ್ರವನ್ನು ಇಟ್ಟುಕೊಂಡು ಮತ್ತೆ ಮತ್ತೆ ಬರುತ್ತದೆ. ಕನಿಷ್ಠ ನಾಲ್ಕೈದು ದಿನ ಪ್ರಯತ್ನ ಮಾಡಬೇಕು ಅಂತ ಅದೇ ಆರ್‌ಎಫ್‌ಸಿ 5321 ಹೇಳುತ್ತದೆ. ಮೇಲೆ ನಮ್ಮನ್ನು ಸತಾಯಿಸಿದ ಐದು ದಿನ ಇಲ್ಲಿ ನಮ್ಮ ಪರ. ಮಧ್ಯಾಹ್ನ ಹೋದ ಕರೆಂಟ್ ರಾತ್ರಿ ಬಂದರೂ ಆರ್ಡರ್ ಎಲ್ಲೂ ಕಳೆಯುವುದಿಲ್ಲ.

ನನಗೆ ಸ್ವಲ್ಪ ಬೇಸರ ಆಗುವ ವಿಷಯ ಒಂದಿದೆ. ಇ-ಮೇಲ್ ಅನ್ನು ಕಟ್ಟಿದ್ದು ಯಾವ ಯಂತ್ರ ಬೇಕಾದರೂ ಅಂಚೆ ಕಚೇರಿ ಆಗಬಹುದು ಎಂಬ ನಂಬಿಕೆಯ ಮೇಲೆ. 1980ರ ದಶಕದ ಕೊನೆಯಲ್ಲಿ ಬೆಂಗಳೂರಿನ ಐಐಎಸ್‌ಸಿ ಸೇರಿ ಕೆಲವೇ ಸಂಸ್ಥೆಗಳು ಅರ್ನೆಟ್ ಜಾಲದಲ್ಲಿ ಮೇಲ್ ಕಳಿಸಿಕೊಳ್ಳುತ್ತಿದ್ದಾಗ ಒಬ್ಬರನ್ನೊಬ್ಬರು ಗುರುತಿಸಲು ಸಾಕ್ಷಿ ಬೇಕಾಗಿರಲಿಲ್ಲ. ಈಗ ಬೇಕು, ಅದನ್ನು ಒಪ್ಪುತ್ತೇನೆ. ಆದರೆ ಸಾಕ್ಷಿ ಹೇಳುವ ಕೆಲಸವನ್ನು ನಂಬರಿನ ಮಾಲೀಕರಿಗೆ ಕೊಟ್ಟಮೇಲೆ, ಆ ಸಾಕ್ಷಿ ಕೇಳಲು ಹೋದ ಗ್ರಾಹಕನಿಗೆ ಒಂದು ಅರ್ಜಿ ನಮೂನೆಯಾದರೂ ಇರಬೇಕಲ್ವಾ? ಹೊಸ ಕನೆಕ್ಷನ್‌ಗೆ ಆ್ಯಪ್ ಇದೆ, ಬಿಲ್ ಕಟ್ಟಲು ಆ್ಯಪ್ ಇದೆ. ಪಿಟಿಆರ್ ಬರೆಸಲು ಒಂದು ಖಾಲಿ ಡಬ್ಬಿ ಅದೇ ಆ್ಯಪ್‌ನಲ್ಲಿ ಕೊಟ್ಟರೆ, ಸ್ಟ್ಯಾಟಿಕ್ ಐಪಿಗೆ ದುಡ್ಡು ಕೊಡುವವನಿಗೆ ಕೊಟ್ಟ ದುಡ್ಡು ಉಪಯೋಗಕ್ಕೆ ಬರ್ತಿತ್ತು.

ಒಂದು ಸಣ್ಣ ಸೂಚನೆ ಬಾಕಿ ಇದೆ. ಪಿಟಿಆರ್ ಬದಲಾದ ಕೂಡಲೇ ಜಿಮೇಲ್‌ಗೆ ಕಳಿಸಿ 'ಇನ್ನೂ ಆಗಿಲ್ಲ' ಅನ್ನಬೇಡಿ. ಹಳೆಯ ಉತ್ತರವನ್ನು ಡಿಎನ್‌ಎಸ್ ಸರ್ವರ್‌ಗಳು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡಿರುತ್ತವೆ, ಆ ಅವಧಿಗೆ ಟಿಟಿಎಲ್ ಅಂತಾರೆ. ಒಂದು ದಿನ ಬಿಟ್ಟು ನೋಡಿ. ಆಮೇಲೂ ಬಾರದಿದ್ದರೆ ವಾಪಸ್ ಬಂದ ಸಂದೇಶದ ಸಂಕೇತವನ್ನು, ಐಪಿ ಮತ್ತು ಹೆಸರು ಮುಚ್ಚಿ, ನಮಗೆ ಕಳಿಸಿ. 5.7.25 ಇದ್ದರೆ ಇನ್ನೂ ರಿವರ್ಸ್‌ದೇ ಗಂಟು. 5.7.26 ಇದ್ದರೆ ರಿವರ್ಸ್ ದಾಟಿದ್ದೀರಿ, ಸಿಕ್ಕಿಹಾಕಿಕೊಂಡಿರುವುದು ಎಸ್‌ಪಿಎಫ್ ಅಥವಾ ಡಿಕೆಐಎಂನಲ್ಲಿ. ಅದು ಮುಂದಿನ ವಾರ.